ಶ್ರುತಿಗೆ ಕೂರುವವರು

ಸಿದ್ದಾಪುರ ತಾಲೂಕಿನ ಮನ್ಮನೆಯಲ್ಲಿ ಈಚೆಗೆ ನಾವು ಕೇಳಿದ ತಾಳಮದ್ದಲೆಯಲ್ಲಿ ಶ್ರುತಿಪೆಟ್ಟಿಗೆಯ ಜಾಗದಲ್ಲಿ ಮೊಬೈಲ್ ಇತ್ತು. "ಕಪ್ಪು ಎರಡಾ ಭಾಗವತ್ರೆ?" ಎಂದು ಕೇಳಿ ಹುಡುಗನೊಬ್ಬ ಪರದೆ ಒತ್ತಿದ. ಕಪ್ಪು, ಬಿಳಿ ಎಂಬುದೆಲ್ಲ ಹಾರ್ಮೋನಿಯಂ ಮನೆಗಳ ಲೆಕ್ಕ. ಹಾರ್ಮೋನಿಯಂ ಎದ್ದು ಹೋದರೂ ಲೆಕ್ಕ ಉಳಿದಿದೆ!

ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ತಂದರು. ತಂಬೂರಿಯ ನಕಲು ಆ ಪೆಟ್ಟಿಗೆ. ಈಗ ಪೆಟ್ಟಿಗೆಯ ಕೆಲಸವನ್ನೂ ತಂತ್ರಾಂಶ ಮಾಡುತ್ತಿದೆ. ನಕಲೆಂದು ಮೂಗು ಮುರಿಯಲು ನಮಗೆ ಮನಸ್ಸಿಲ್ಲ. 1940ರಲ್ಲಿ ಆಕಾಶವಾಣಿ ಹೊರಗಿಟ್ಟ ಹಾರ್ಮೋನಿಯಂಗಾಗಿಯೇ ಇಂದು ನಾವು ಮರುಗುತ್ತಿದ್ದೇವಲ್ಲ!

ಮೊಬೈಲಿನ ಶ್ರುತಿ ಕದಲುವುದಿಲ್ಲ, ನಿಜ. ಆದರೆ ಅಂದು ದನಿಯ ತುಣುಕು ಮುಗಿದು ಮತ್ತೆ ಮೊದಲಾಗುವ ಜೋಡಣೆ ಕಿವಿಗೆ ತಾಗುತ್ತಿತ್ತು. ಮದ್ದಳೆಗೆ ಪೆಟ್ಟು ಬಿದ್ದೊಡನೆ ಮಂದ್ರ ಷಡ್ಜ ಆ ಪುಟ್ಟ ಸ್ಪೀಕರಿನಲ್ಲೇ ಮುಳುಗಿತು. ಇವೆಲ್ಲ ನಾಳೆ ಸರಿಹೋಗಬಹುದು. ನಮ್ಮ ತಕರಾರು ಬೇರೆ. ಹಾರ್ಮೋನಿಯಂ ಶ್ರುತಿಗೆ ತಿದಿ ಒತ್ತಲು ಒಬ್ಬ ಹುಡುಗ ಬೇಕಿತ್ತು. ಬೆಳಗಿನವರೆಗೂ ಕೂತವನ ಕಿವಿಗೆ ಪದ್ಯ, ರಾಗ, ಅರ್ಥಗಳೆಲ್ಲ ಬೀಳುತ್ತಿದ್ದವು. ಹಾಡುಗಾರಿಕೆ ಅಲ್ಲಿಂದಲೇ ಹತ್ತುತ್ತಿತ್ತು.

ಅಂದು ಪರದೆ ಒತ್ತಿದ ಹುಡುಗ ಎರಡನೆಯ ಪದ್ಯಕ್ಕೆ ಎದ್ದು ಹೊರಗೆ ಹೋದ.