ಬಿಗಿಯ ಲೆಕ್ಕ

ಔಷಧಿ ಅಂಗಡಿಯ ಗಾಜಿನ ಕಪಾಟಿನಲ್ಲಿ ಮಂಡಿಪಟ್ಟಿ, ಸೊಂಟಪಟ್ಟಿಗಳ ಪಕ್ಕದಲ್ಲೇ ಚರ್ಮದ ಬಣ್ಣದ ಉದ್ದ ಕಾಲುಚೀಲದ ಡಬ್ಬಿಗಳೂ ಇರುತ್ತವೆ. ವೆರಿಕೋಸ್ ವೇನ್ಸ್ ಎಂದರೆ ಸಾಕು, ಮೀಡಿಯಮ್ಮೋ ಲಾರ್ಜೋ ಎಂದು ಕೇಳಿ ಒಂದು ಡಬ್ಬಿ ಕೈಗಿಡುತ್ತಾರೆ. ಚಪ್ಪಲಿ ಕೊಳ್ಳುವಾಗಲಾದರೂ ಕಾಲಿಟ್ಟು ನೋಡುವ ರೂಢಿಯಿದೆ, ಇಲ್ಲಿ ಅದೂ ಇಲ್ಲ. ಕಂಪ್ರೆಶನ್ ಸ್ಟಾಕಿಂಗ್ಸ್ ಬಗ್ಗೆ ಜನರಲ್ಲಿ ಹರಿದಾಡುವ ಎರಡು ಮಾತುಗಳು ಹುಟ್ಟುವುದು ಈ ಸಲೀಸು ಮಾರಾಟದಿಂದಲೇ. ‘ಬರೀ ಸಾಕ್ಸ್ ತಾನೆ, ಹಾಕಿಕೊಂಡರೆ ನಷ್ಟವೇನು’ ಎನ್ನುವವರು ಒಂದು ಕಡೆ, ‘ಆರು ತಿಂಗಳು ಹಾಕಿದೆ, ಎಳ್ಳಷ್ಟೂ ಗುಣ ಕಾಣಲಿಲ್ಲ’ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ತಪ್ಪುವುದು ಒಂದೇ ಜಾಗದಲ್ಲಿ. ಮಾತ್ರೆಗೆ ಮಿಲಿಗ್ರಾಮ್ ಇದ್ದಂತೆ ಈ ಬಿಗಿಗೂ ಒಂದು ಪ್ರಮಾಣವಿದೆ. ಯಾವ ಕಾಲಿಗೆ, ಯಾವ ತೊಂದರೆಗೆ, ಎಷ್ಟು ಬಿಗಿ ಎಂದು ಕೇಳದೆ ಈ ಸಾಧನವನ್ನು ಹೊಗಳುವುದಕ್ಕೂ ಅರ್ಥವಿಲ್ಲ, ತೆಗಳುವುದಕ್ಕೂ ಅರ್ಥವಿಲ್ಲ.

ಮೊದಲು ಅದು ಮಾಡುವ ಕೆಲಸವನ್ನು ನೋಡೋಣ. ಸುಮ್ಮನೆ ನಿಂತ ಮನುಷ್ಯನ ಹೃದಯದಿಂದ ಕಣಕಾಲಿನವರೆಗೆ ರಕ್ತದ ಒಂದು ಕಂಬವೇ ನಿಂತಿರುತ್ತದೆ. ಅದರ ಭಾರ ಕಣಕಾಲಿನ ಅಭಿಧಮನಿಗಳಲ್ಲಿ ಸುಮಾರು 80ರಿಂದ 90 ಮಿಲಿಮೀಟರ್ ಪಾದರಸದಷ್ಟು ಒತ್ತಡ ಹುಟ್ಟಿಸುತ್ತದೆ. ನಡೆಯತೊಡಗಿದರೆ ಮೀನಖಂಡದ ಸ್ನಾಯು ರಕ್ತವನ್ನು ಹಿಂಡಿ ಮೇಲಕ್ಕೆ ಕಳಿಸುತ್ತದೆ, ಅಭಿಧಮನಿಯೊಳಗಿನ ಕವಾಟಗಳು ಅದು ಕೆಳಗೆ ಜಾರದಂತೆ ತಡೆಯುತ್ತವೆ, ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ. ಕವಾಟಗಳು ಸೋತ ಕಾಲಿನಲ್ಲಿ ಎಷ್ಟು ನಡೆದರೂ ಒತ್ತಡ ಅಷ್ಟು ಇಳಿಯುವುದಿಲ್ಲ. ಬಾವು, ತುರಿಕೆ, ಚರ್ಮ ಕಪ್ಪಾಗುವುದು, ಕೊನೆಗೆ ಮಾಯದ ಹುಣ್ಣು, ಎಲ್ಲವೂ ಅಲ್ಲಿಂದ ಶುರು. ಅಮೆರಿಕದ ಟೊಲೆಡೊದಲ್ಲಿ ನೆಲೆಸಿದ್ದ ಎಂಜಿನಿಯರ್ ಕಾನ್ರಾಡ್ ಜೋಬ್ಸ್ಟ್‌ಗೆ ಸ್ವತಃ ಈ ಕಾಯಿಲೆಯಿತ್ತು. ಈಜುಕೊಳದಲ್ಲಿ ನಿಂತಾಗ ಕಾಲು ಹಗುರಾಗುವುದನ್ನು ಅವರು ಗಮನಿಸಿದರು. ನೀರು ಆಳಕ್ಕೆ ಹೋದಷ್ಟೂ ಹೆಚ್ಚು ಒತ್ತುತ್ತದೆ. ಅದೇ ಲೆಕ್ಕದಲ್ಲಿ, ಕಣಕಾಲಿನಲ್ಲಿ ಅತಿ ಬಿಗಿಯಾಗಿ, ಮೇಲೇರಿದಂತೆ ಸಡಿಲವಾಗುವ ಕಾಲುಚೀಲವನ್ನು ಅವರು 1950ರ ಹೊತ್ತಿಗೆ ರೂಪಿಸಿದರು. ಇಂದಿಗೂ ವೈದ್ಯಕೀಯ ಕಾಲುಚೀಲದ ಹಿಂದಿರುವುದು ಅದೇ ತತ್ವ.

ಹೀಗೆ ಕೆಳಗೆ ಹೆಚ್ಚು, ಮೇಲೆ ಕಡಿಮೆ ಎಂಬ ಇಳಿಜಾರೇ ಇದರ ಜೀವಾಳವಾದ್ದರಿಂದ ಅಳತೆ ತಪ್ಪಿದರೆ ಕೆಲಸ ತಲೆಕೆಳಗಾಗುತ್ತದೆ. ಡಬ್ಬಿಯ ಮೇಲಿನ ‘ಕ್ಲಾಸ್ 2’ ಎಂಬ ಅಚ್ಚನ್ನೇ ತೆಗೆದುಕೊಳ್ಳಿ. ಜರ್ಮನಿಯ ಮಾನದಂಡದಲ್ಲಿ ಅದಕ್ಕೆ ಕಣಕಾಲಿನಲ್ಲಿ 23ರಿಂದ 32 ಮಿಲಿಮೀಟರ್ ಒತ್ತಡ ಎಂದರ್ಥ, ಬ್ರಿಟನ್ನಿನ ಮಾನದಂಡದಲ್ಲಿ 18ರಿಂದ 24. ಕ್ಲಾಸಿನ ಅಂಕಿ ನೋಡಿ ಕೊಂಡವರು ತಮಗೆ ಹೇಳಿದ ಬಿಗಿಯನ್ನೇ ಕೊಂಡಿದ್ದಾರೆ ಎನ್ನಲಾಗದು. ಮಿಲಿಮೀಟರಿನ ಲೆಕ್ಕವನ್ನೇ ಓದಬೇಕು. ಇನ್ನೊಂದು ಸೂಕ್ಷ್ಮವಿದೆ. ಒಂದೇ ಎಳೆತದ ಬಟ್ಟೆ ದಪ್ಪ ಜಾಗದ ಮೇಲೆ ಕಡಿಮೆ, ಸಣ್ಣ ಜಾಗದ ಮೇಲೆ ಹೆಚ್ಚು ಒತ್ತುತ್ತದೆ. ಆದ್ದರಿಂದ ಕೃಶ ಕಾಲಿನ ಮುಂಗಾಲೆಲುಬಿನ ಏಣು, ಕಣಕಾಲಿನ ಗಿಣ್ಣು, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು, ಇವೇ ಮೊದಲು ಸುಲಿಯುವ ಜಾಗಗಳು. ಉದ್ದ ಹೆಚ್ಚಾಯಿತೆಂದು ಚೀಲದ ಅಂಚನ್ನು ಮಂಡಿಯ ಕೆಳಗೆ ಮಡಚಿಬಿಟ್ಟರೆ ಅಲ್ಲಿ ಬಿಗಿ ಇಮ್ಮಡಿಯಾಗಿ, ರಕ್ತವನ್ನು ಮೇಲೆ ಕಳಿಸಬೇಕಾದದ್ದೇ ಅದನ್ನು ಕೆಳಗೆ ಕಟ್ಟಿಹಾಕುತ್ತದೆ. ಬಾವು ಇಳಿದಿರುವ ಬೆಳಗಿನ ಹೊತ್ತು ಕಣಕಾಲು, ಮೀನಖಂಡ, ಕಾಲಿನ ಉದ್ದ ಇಷ್ಟನ್ನೂ ಟೇಪು ಹಿಡಿದು ಅಳೆಯಬೇಕೆನ್ನುವುದು ಇದಕ್ಕಾಗಿಯೇ.

ಇನ್ನು ಪುರಾವೆಗೆ ಬರೋಣ. ಲಕ್ವ ಹೊಡೆದು ಹಾಸಿಗೆ ಹಿಡಿದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ತೊಡೆಯವರೆಗಿನ ಕಾಲುಚೀಲ ಹಾಕುವುದು ಆಸ್ಪತ್ರೆಗಳಲ್ಲಿ ಬಹುಕಾಲದ ವಾಡಿಕೆಯಾಗಿತ್ತು. 2009ರಲ್ಲಿ ಪ್ರಕಟವಾದ ಕ್ಲಾಟ್ಸ್ ಅಧ್ಯಯನ 2,518 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿತು. ಚೀಲ ಹಾಕಿದವರಲ್ಲಿ ಶೇ 10.0, ಹಾಕದವರಲ್ಲಿ ಶೇ 10.5 ಮಂದಿಗೆ ಹೆಪ್ಪುಗಟ್ಟಿತ್ತು. ಲಾಭ ಇಲ್ಲವೆನ್ನುವಷ್ಟು ಅಲ್ಪ. ಚರ್ಮ ಸುಲಿಯುವುದು, ಗುಳ್ಳೆ, ಹುಣ್ಣು ಮಾತ್ರ ಹಾಕದವರಲ್ಲಿ ಶೇ 1 ಇದ್ದರೆ ಹಾಕಿದವರಲ್ಲಿ ಶೇ 5. ‘ನಷ್ಟವೇನು’ ಎಂಬ ಮಾತಿಗೆ ಉತ್ತರ ಇಲ್ಲೇ ಇದೆ. ಅದೇ ತಂಡ 2013ರಲ್ಲಿ, ಗಾಳಿ ತುಂಬಿ ಬಿಡುತ್ತ ಕಾಲನ್ನು ಮತ್ತೆ ಮತ್ತೆ ಹಿಂಡುವ ಯಂತ್ರವನ್ನು ಇಂಥದೇ ರೋಗಿಗಳಲ್ಲಿ ಪರೀಕ್ಷಿಸಿದಾಗ ಹೆಪ್ಪುಗಟ್ಟುವಿಕೆ ಶೇ 12.1ರಿಂದ 8.5ಕ್ಕೆ ಇಳಿಯಿತು. ಎರಡನ್ನೂ ಜೊತೆಗಿಟ್ಟು ಓದಿದರೆ ಒಂದು ಸುಳಿವು ಸಿಗುತ್ತದೆ. ಚೀಲ ತಾನಾಗಿ ಏನನ್ನೂ ಹಿಂಡುವುದಿಲ್ಲ, ಹಿಂಡುವ ಮೀನಖಂಡಕ್ಕೆ ಆನಿಕೆ ಕೊಡುತ್ತದೆ. ಅಲುಗದ ಕಾಲಿನಲ್ಲಿ ಅದಕ್ಕೆ ಜೊತೆಗಾರನೇ ಇಲ್ಲ. ಹಾಗಾಗಿ ಚೀಲ ಹಾಕಿಕೊಂಡು ಕುರ್ಚಿಯಲ್ಲೇ ಕೂತುಬಿಡುವವರು ಅರ್ಧ ಚಿಕಿತ್ಸೆಯನ್ನಷ್ಟೇ ಪಡೆಯುತ್ತಾರೆ.

ಎರಡನೆಯ ದೂರು, ಅಂದರೆ ಗುಣ ಕಾಣಲಿಲ್ಲ ಎಂಬುದು, ಇಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ಕಾಲಿನ ಆಳದ ಅಭಿಧಮನಿಯಲ್ಲಿ ಒಮ್ಮೆ ಹೆಪ್ಪುಗಟ್ಟಿದವರಿಗೆ ಮುಂದೆ ಬರುವ ದೀರ್ಘಕಾಲದ ನೋವು, ಬಾವುಗಳನ್ನು ಈ ಚೀಲ ಅರ್ಧದಷ್ಟು ತಗ್ಗಿಸುತ್ತದೆ ಎಂದು 194 ರೋಗಿಗಳ ಡಚ್ ಅಧ್ಯಯನವೊಂದು 1997ರಲ್ಲಿ ಹೇಳಿತ್ತು. 2014ರಲ್ಲಿ ಕೆನಡಾ ಮತ್ತು ಅಮೆರಿಕದ 806 ರೋಗಿಗಳ ‘ಸಾಕ್ಸ್’ ಎಂಬ ಹೆಸರಿನ ಅಧ್ಯಯನ, ನೋಡಲು ಅಂಥದೇ ಆದರೆ ಬಿಗಿಯಿಲ್ಲದ ಚೀಲದೊಡನೆ ಹೋಲಿಸಿದಾಗ, ಅಸಲಿ ಚೀಲದವರಲ್ಲಿ ಶೇ 14.2, ಹುಸಿ ಚೀಲದವರಲ್ಲಿ ಶೇ 12.7 ಮಂದಿಗೆ ಆ ತೊಂದರೆ ಬಂದಿತ್ತು. ಅಂದರೆ ವ್ಯತ್ಯಾಸವಿಲ್ಲ. ಚೀಲದ ಪರ ವಹಿಸುವವರು ಕೂಡಲೇ ಹೇಳುವುದು, ಎರಡು ವರ್ಷದ ಕೊನೆಗೆ ವಾರಕ್ಕೆ ಮೂರು ದಿನವಾದರೂ ಹಾಕುತ್ತಿದ್ದವರು ಸುಮಾರು ಶೇ 56 ಮಾತ್ರ, ಹಾಕದ ಚೀಲವನ್ನು ದೂರುವುದು ಹೇಗೆ, ಎಂದು. ಈ ಸಮರ್ಥನೆ ಅರ್ಧ ಸರಿ. ನಿತ್ಯ ಹಾಕುವವರಿಗೆ ಲಾಭವಾಗಬಹುದೆಂಬ ಸಾಧ್ಯತೆಯನ್ನು ಅದು ಉಳಿಸುತ್ತದೆ. ಆದರೆ ಅರ್ಧ ಜನ ಕೈಬಿಡುವ ಚಿಕಿತ್ಸೆಯ ಗುಣಾವಗುಣ ನೋಡುವಾಗ ಆ ಕೈಬಿಡುವಿಕೆಯನ್ನೂ ಅದರ ಲೆಕ್ಕಕ್ಕೇ ಬರೆಯಬೇಕಲ್ಲವೆ? ಇಂಥ ರೋಗಿಗಳಿಗೆ ಬಾವು, ಭಾರ ಇಳಿದರೆ ಹಾಕಿಕೊಳ್ಳಿ, ಮುಂದಿನ ತೊಂದರೆಯನ್ನೇ ತಡೆಯುತ್ತದೆಂಬ ಭರವಸೆಯ ಮೇಲೆ ಬೇಡ ಎನ್ನುವುದು ಪ್ರಾಮಾಣಿಕ ಸಲಹೆ.

ಹಾಗಾದರೆ ಇದು ನಿಜಕ್ಕೂ ಗೆಲ್ಲುವುದೆಲ್ಲಿ? ಬಾವಿನ ಕಾಲಿಗೆ ಮತ್ತೆ ಮತ್ತೆ ಸೆಲ್ಯುಲೈಟಿಸ್ ಎಂಬ ಚರ್ಮದ ಸೋಂಕು ತಗಲುತ್ತಿದ್ದ 84 ಜನರಲ್ಲಿ ಆಸ್ಟ್ರೇಲಿಯದಲ್ಲಿ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಒತ್ತುಚಿಕಿತ್ಸೆ ಪಡೆದವರಲ್ಲಿ ಶೇ 15, ಪಡೆಯದವರಲ್ಲಿ ಶೇ 40 ಮಂದಿಗೆ ಸೋಂಕು ಮರುಕಳಿಸಿತ್ತು. ಫಲ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಅಭಿಧಮನಿಯ ದೋಷದಿಂದಾದ ಹುಣ್ಣಿಗೂ ಒತ್ತುಕಟ್ಟೇ ಅಡಿಪಾಯ. ಲೇಸರಿನಂಥ ವಿಧಾನದಿಂದ ಕೆಟ್ಟ ನಾಳವನ್ನೇ ಬೇಗ ಮುಚ್ಚಿಸಿದರೆ ಹುಣ್ಣು ಮಾಯುವ ಅವಧಿ 82 ದಿನದಿಂದ 56 ದಿನಕ್ಕೆ ಇಳಿಯುತ್ತದೆಂದು ತೋರಿಸಿದ 2018ರ ಬ್ರಿಟಿಷ್ ಅಧ್ಯಯನದಲ್ಲೂ ಎರಡೂ ಗುಂಪಿಗೆ ಕಟ್ಟು ಇದ್ದೇ ಇತ್ತು. ಆನೆಕಾಲಿನ ಬಾವಿಗೆ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ರೂಪಿಸಿದ ಪದ್ಧತಿಯಲ್ಲಿ ಚರ್ಮ ತೊಳೆಯುವುದು, ಆಯುರ್ವೇದದ ಆರೈಕೆ, ಯೋಗದ ಚಲನೆಗಳ ಜೊತೆಗೆ ಒತ್ತುಕಟ್ಟೂ ಸೇರಿದೆ, ಮನೆಯಲ್ಲಿ ಮುಂದುವರಿಸುವ ಬಗೆಯನ್ನೂ ಕಲಿಸುತ್ತಾರೆ. ಗೆದ್ದ ಈ ಉದಾಹರಣೆಗಳಲ್ಲಿ ಬಿಗಿ ಒಂಟಿಯಾಗಿಲ್ಲ. ಗುರುತಿಸಿದ ಕಾಯಿಲೆ, ಅಳೆದು ಕಟ್ಟುವ ಕೈ, ಮುಂದೆ ವಿಚಾರಿಸಿಕೊಳ್ಳುವ ಏರ್ಪಾಡು ಅದರ ಹಿಂದಿವೆ.

ಸುರಕ್ಷೆಯ ಪ್ರಶ್ನೆ ಬಂದಾಗ ನೋಡಬೇಕಾದದ್ದು ಇನ್ನೊಂದು ನಾಳವನ್ನು. ರಕ್ತ ಮೇಲೇರದ ಕಾಲಿಗೆ ಬಿಗಿ ಮದ್ದು, ರಕ್ತ ಇಳಿದುಬಾರದ ಕಾಲಿಗೆ ಅದೇ ವಿಷ. ಅಪಧಮನಿ ಕಿರಿದಾದ ಕಾಲನ್ನು ಹೊರಗಿನಿಂದ ಒತ್ತಿದರೆ ಬೆರಳು ಕೊಳೆಯುವವರೆಗೆ ಹೋಗಬಹುದು. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದಾಗ 0.8ರಿಂದ 1.3ರೊಳಗೆ ಬಂದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ, 0.5ಕ್ಕಿಂತ ಕೆಳಗಿದ್ದರೆ ಕೂಡದು, ನಡುವೆ ಬಂದರೆ ತಜ್ಞರ ಮಾತು ಬೇಕು. ಸಕ್ಕರೆ ಕಾಯಿಲೆಯವರಲ್ಲಿ ಈ ಪರೀಕ್ಷೆಯೂ ಮೋಸ ಮಾಡೀತು. ಸುಣ್ಣಗಟ್ಟಿ ಗಡುಸಾದ ಅಪಧಮನಿ ಸುಳ್ಳೇ ಹೆಚ್ಚಿನ ಅಂಕಿ ತೋರಿಸುತ್ತದೆ, ಸ್ಪರ್ಶ ಸತ್ತ ಪಾದಕ್ಕೆ ಚೀಲ ಕಚ್ಚುವುದು ಗೊತ್ತೇ ಆಗುವುದಿಲ್ಲ. ತಾಲೂಕು ಕೇಂದ್ರದಲ್ಲೂ ಈ ಅಳತೆಗೆ ಬೇಕಾದ ಡಾಪ್ಲರ್ ಯಂತ್ರ ಸಿಗದ ಕಡೆ ಇದೆಲ್ಲ ಆಗುಹೋಗುವ ಮಾತೇ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಪಾದದ ನಾಡಿ ಮುಟ್ಟಿ ನೋಡಲು, ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದು, ನಿಂತರೆ ಬಿಡುತ್ತದೆಯೇ ಎಂದು ಕೇಳಲು, ಬೀಡಿ ಸಿಗರೇಟಿನ ಚಟ ವಿಚಾರಿಸಲು ಯಂತ್ರ ಬೇಕಿಲ್ಲ. ಸಂಶಯ ಬಂದರೆ ಪರೀಕ್ಷೆಗೆ ಕಳಿಸಿ, ಫಲ ತಿಳಿಯುವ ತನಕ ಚೀಲ ಕೊಡದಿರುವುದೂ ಚಿಕಿತ್ಸೆಯೇ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ಮೊದಲು ಹೋಗಬೇಕಾದ್ದು ವೈದ್ಯರ ಬಳಿಗೆ, ಅಂಗಡಿಗಲ್ಲ.

ನಮ್ಮ ಸೆಕೆಗೆ ಇದು ಒಗ್ಗದು, ಬೆಲೆಯೂ ದುಬಾರಿ, ಕ್ರೇಪ್ ಬ್ಯಾಂಡೇಜ್ ಸಾಲದೆ ಎಂಬ ಮಾತನ್ನೂ ತಳ್ಳಿಹಾಕುವಂತಿಲ್ಲ. ಆದರೆ ಕ್ರೇಪ್ ಪಟ್ಟಿಯ ಬಿಗಿ ಸುತ್ತಿದವರ ಕೈಗೆ ತಕ್ಕಂತೆ ಬದಲಾಗುತ್ತದೆ, ಕೆಲವೇ ಗಂಟೆಗಳಲ್ಲಿ ಸಡಿಲವೂ ಆಗುತ್ತದೆ. ಹಾಕಿಕೊಳ್ಳಲಾಗದ ಹೆಚ್ಚಿನ ಬಿಗಿಗಿಂತ ದಿನವಿಡೀ ತಾಳಿಕೊಳ್ಳುವ ಕಡಿಮೆ ಬಿಗಿ ಮೇಲು. ಹೆಚ್ಚಿನವರಿಗೆ ಮಂಡಿಯವರೆಗಿನದು ಸಾಕು, ತೊಡೆಯವರೆಗಿನದು ಸುರುಳಿಗಟ್ಟಿ ಜಾರುವುದೇ ಹೆಚ್ಚು. ಬೆಳಿಗ್ಗೆ ಕಾಲು ನೆಲಕ್ಕಿಡುವ ಮೊದಲೇ, ಚೀಲವನ್ನು ಹಿಮ್ಮಡಿಯವರೆಗೆ ಒಳಮಗ್ಗುಲು ಹೊರಬರುವಂತೆ ತಿರುವಿ, ರಬ್ಬರ್ ಕೈಗವಸಿನ ಹಿಡಿತದಿಂದ ಏರಿಸಬೇಕು. ಎಣ್ಣೆ, ಮುಲಾಮನ್ನು ರಾತ್ರಿ ಚೀಲ ತೆಗೆದ ಮೇಲೆ ಹಚ್ಚಬೇಕು. ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಜೋಮು ಹಿಡಿದರೆ ತಕ್ಷಣ ತೆಗೆಯಬೇಕು. ಆರು ತಿಂಗಳ ಸುಮಾರಿಗೆ ನೂಲಿನ ಎಳೆತ ಸೋತು, ನೋಡಲು ಹೊಸದರಂತಿದ್ದರೂ ಅದು ಮಾಮೂಲಿ ಸಾಕ್ಸ್ ಆಗಿಬಿಟ್ಟಿರುತ್ತದೆ. ಬೆನ್ನು ಬಗ್ಗದ, ಬೆರಳು ಸಂಧಿವಾತಕ್ಕೆ ಸೊಟ್ಟಗಾದ ಹಿರಿಯರಿಗೆ ದಿನಾ ಇದನ್ನು ಏರಿಸಿಕೊಡುವವರು ಯಾರು ಎಂದು ಕೇಳದೆ ಬರೆದುಕೊಟ್ಟರೆ ಡಬ್ಬಿ ಬೀರುವಿನಲ್ಲೇ ಉಳಿಯುತ್ತದೆ.

ಈ ಸಾಧನಕ್ಕೆ ಅದರದೇ ಮಿತಿಗಳಿವೆ. ಉಬ್ಬಿದ ನಾಳವನ್ನು ಅದು ಗುಣಪಡಿಸುವುದಿಲ್ಲ. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲೇ, ನಾಳಕ್ಕೆ ನೇರ ಚಿಕಿತ್ಸೆ ಸಾಧ್ಯವಿರುವವರಿಗೆ ಬರೀ ಚೀಲ ಕೊಟ್ಟು ಕಳಿಸಬೇಡಿ ಎಂದಿದೆ. ಆದರೆ ಅದರ ಹೆಸರಿಗೆ ಬಂದ ಸೋಲುಗಳಲ್ಲಿ ಎಷ್ಟೋ ಅಳೆಯದೆ ಕೊಟ್ಟವರವು. ವೈದ್ಯರ ಚೀಟಿಯಲ್ಲಿ ‘ಸ್ಟಾಕಿಂಗ್ಸ್’ ಎಂದಷ್ಟೇ ಇರುವುದು ‘ಮಾತ್ರೆ’ ಎಂದಷ್ಟೇ ಬರೆದುಕೊಟ್ಟಂತೆ. ಎಷ್ಟು ಮಿಲಿಮೀಟರ್, ಎಲ್ಲಿಯವರೆಗೆ, ಎಷ್ಟು ದಿನ, ಪಾದದ ನಾಡಿ ನೋಡಿದ್ದಾಗಿದೆಯೇ ಎಂಬ ಒಂದು ಸಾಲು ಅಲ್ಲಿ ಸೇರಬೇಕು. ಅಂಗಡಿಯವರ ಮೇಜಿನ ಮೇಲೆ ದರ್ಜಿಯ ಟೇಪೊಂದು ಇರಬೇಕು. ಎರಡಕ್ಕೂ ಹೆಚ್ಚು ಖರ್ಚಿಲ್ಲ.