ಬೆರಳು ಮುಟ್ಟಿಸಿದರೆ ಮತ ಬಿದ್ದಂತೆಯೇ?

ನಮ್ಮ ಸಂಘ ಯಾವ ಪಕ್ಷಕ್ಕೂ ಸೇರಿದ್ದಲ್ಲ. ಆದರೆ ಇಲ್ಲಿ ಪೌರತ್ವ ಪಡೆದು ಮತ ಹಾಕುವ ಕುಟುಂಬಗಳು ನಮ್ಮಲ್ಲಿ ಬೇಕಾದಷ್ಟಿವೆ. ಮತ ಎಣಿಸುವ ಯಂತ್ರದ ವಿಷಯ ಎಲ್ಲ ಪಕ್ಷದವರಿಗೂ ಸಂಬಂಧಿಸಿದ್ದಾದ್ದರಿಂದ ಈ ನಾಲ್ಕು ಮಾತು.

‘ಎಕ್ಸ್‌ಪ್ರೆಸ್‌ವೋಟ್ ಎಕ್ಸ್‌ಎಲ್’ ಎಂಬ ದೊಡ್ಡ ಟಚ್‌ಸ್ಕ್ರೀನ್ ಯಂತ್ರಕ್ಕೆ ನ್ಯೂಯಾರ್ಕ್ ರಾಜ್ಯದ ಚುನಾವಣಾ ಮಂಡಳಿ 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಕೌಂಟಿಗಳು ಕೊಳ್ಳಲು ಇದರಿಂದ ದಾರಿಯಾಯಿತು. ನ್ಯೂಜೆರ್ಸಿಯ ಕೆಲವು ಕೌಂಟಿಗಳು ಅದಕ್ಕೂ ಮೊದಲೇ ಕೊಂಡಿದ್ದವು. ಪರದೆ ಮುಟ್ಟಿ ಆರಿಸಿದರೆ ಯಂತ್ರವೇ ಚೀಟಿ ಮುದ್ರಿಸಿ ಗಾಜಿನ ಹಿಂದೆ ತೋರಿಸುತ್ತದೆ. ಸರಿ ಎಂದರೆ ಒಳಗೆಳೆದುಕೊಳ್ಳುತ್ತದೆ. ಚೀಟಿಯಲ್ಲಿ ಹೆಸರುಗಳಿರುತ್ತವೆ, ಬಾರ್‌ಕೋಡೂ ಇರುತ್ತದೆ. ನಾವು ಓದುವುದು ಹೆಸರನ್ನು, ಯಂತ್ರ ಎಣಿಸುವುದು ಬಾರ್‌ಕೋಡನ್ನು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ನಮ್ಮ ಹಿರಿಯರು. ಆ ಕಪ್ಪು ಗೆರೆಗಳನ್ನು ಪ್ರಮಾಣಿಸುವ ಕಣ್ಣು ಯಾರಿಗಿದೆ?

ಕಾಗದವೇ ಇಲ್ಲದ ಹಳೆಯ ಯಂತ್ರಗಳಿಗಿಂತ ಇದು ಮೇಲು, ನಿಜ. 2011ರಲ್ಲಿ ನ್ಯೂಜೆರ್ಸಿಯ ಕಂಬರ್‌ಲ್ಯಾಂಡ್ ಕೌಂಟಿಯ ಫೇರ್‌ಫೀಲ್ಡ್ ಟೌನ್‌ಶಿಪ್‌ನಲ್ಲಿ ಅಂಥ ಯಂತ್ರ ಇಬ್ಬರು ಅಭ್ಯರ್ಥಿಗಳಿಗೆ ಕೊಟ್ಟದ್ದು 10 ಮತ್ತು 9 ಮತ. ‘ನಾವು ಇವರಿಗೇ ಹಾಕಿದ್ದು’ ಎಂದು 28 ಜನ ಪ್ರಮಾಣ ಮಾಡಿ ಬರೆದುಕೊಟ್ಟರು! ಕೋರ್ಟು ಮರುಚುನಾವಣೆ ಮಾಡಿಸಿತು. ಗುಟ್ಟಿನ ಮತವನ್ನು ಬಯಲು ಮಾಡಿದ ಮೇಲೆ ಸಿಕ್ಕಿದ ನ್ಯಾಯ ಅದು.

ಹೊಸ ಯಂತ್ರದ ಚರಿತ್ರೆ ತಿಳಿಯಬೇಕಾದರೆ ಐ-78ರಲ್ಲಿ ಡೆಲವೇರ್ ನದಿ ದಾಟಿದರೆ ಸಾಕು. ಪೆನ್ಸಿಲ್ವೇನಿಯದ ನಾರ್ತಾಂಪ್ಟನ್ ಕೌಂಟಿ 2019ರ ನವೆಂಬರ್‌ನಲ್ಲಿ ಎಕ್ಸ್‌ಎಲ್ ಬಳಸಿತು. ನ್ಯಾಯಾಧೀಶರ ಸ್ಥಾನಕ್ಕೆ ನಿಂತ ಒಬ್ಬರಿಗೆ ಸುಮಾರು 55,000 ಮತಪತ್ರಗಳಲ್ಲಿ ಬಿದ್ದದ್ದು 164 ಎಂದು ಯಂತ್ರ ಲೆಕ್ಕ ಹೇಳಿತು. ಚೀಟಿಗಳನ್ನು ಎಣಿಸಿದಾಗ ಗೆದ್ದವರು ಅವರೇ. ಕಾಗದ ಕಾಪಾಡಿತು, ಒಪ್ಪೋಣ. ಆದರೆ 2023ರಲ್ಲಿ ಅದೇ ಕೌಂಟಿಯಲ್ಲಿ, ಅದೇ ಯಂತ್ರದಲ್ಲಿ, ಕಾಗದವೇ ಕೈಕೊಟ್ಟಿತು. ಇಬ್ಬರು ನ್ಯಾಯಾಧೀಶರು ಮುಂದುವರಿಯಬೇಕೇ ಎಂಬುದಕ್ಕೆ ಒಬ್ಬರಿಗೆ ‘ಹೌದು’, ಇನ್ನೊಬ್ಬರಿಗೆ ‘ಬೇಡ’ ಒತ್ತಿದವರ ಚೀಟಿಯಲ್ಲಿ ಅವೆರಡೂ ಅದಲುಬದಲಾಗಿದ್ದವು. ಒಳಗಿನ ದಾಖಲೆ ಸರಿಯಿದೆ, ಮುದ್ರಣ ಮಾತ್ರ ತಪ್ಪು ಎಂದು ಅಧಿಕಾರಿಗಳು ಸಮಾಧಾನ ಹೇಳಿದರು. ಮರುಎಣಿಕೆ ಬಂದರೆ ಯಾವುದನ್ನು ನಂಬುವುದು?

ಅಷ್ಟಕ್ಕೂ ಚೀಟಿ ಓದುವವರು ಎಷ್ಟು ಮಂದಿ? ಮಿಷಿಗನ್ ವಿಶ್ವವಿದ್ಯಾಲಯದವರು 241 ಜನರಿಂದ ಅಣಕು ಮತದಾನ ಮಾಡಿಸಿ, ಬೇಕೆಂದೇ ಪ್ರತಿ ಚೀಟಿಯಲ್ಲೂ ಒಂದು ತಪ್ಪು ಮುದ್ರಿಸಿದರು. 2020ರಲ್ಲಿ ಪ್ರಕಟವಾದ ವರದಿಯಂತೆ, ಯಾರೂ ಎಚ್ಚರಿಸದಿದ್ದಾಗ ಚೀಟಿ ನೋಡಿದವರು ನೂರಕ್ಕೆ 40. ತಪ್ಪಿದೆ ಎಂದು ಹೇಳಿದವರು ನೂರಕ್ಕೆ 7ಕ್ಕೂ ಕಡಿಮೆ.

‘ಭಾರತದಲ್ಲೇ ಯಂತ್ರ ಇರುವಾಗ ಅಮೆರಿಕದಲ್ಲಿ ಏಕೆ ಬೇಡ?’ ಎಂದು ನಮ್ಮವರು ಕೇಳುವುದುಂಟು. ಬೆಂಗಳೂರಿನ ಬಿ.ಇ.ಎಲ್. ತಯಾರಿಸುವ ಇ.ವಿ.ಎಂ.ಗೂ ಕಾಗದದ ದಾಖಲೆ ಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಅಲ್ಲಿ ಒತ್ತುವುದು ಒಂದು ಗುಂಡಿ, ಚೀಟಿಯಲ್ಲಿ ಕಾಣುವುದು ಒಂದು ಹೆಸರು, ಒಂದು ಚಿಹ್ನೆ. ಇಲ್ಲಿ ರಾಷ್ಟ್ರಾಧ್ಯಕ್ಷರಿಂದ ಶಾಲಾ ಮಂಡಳಿಯವರೆಗೆ ಉದ್ದದ ಪಟ್ಟಿ. ಯಾರಿಗೆ ಹಾಕಿದೆವೆಂಬುದು ಮನೆ ಮುಟ್ಟುವಷ್ಟರಲ್ಲಿ ಮರೆತಿರುತ್ತದೆ.

ದೃಷ್ಟಿಯಿಲ್ಲದವರಿಗೆ, ಕೈ ನಡುಗುವ ಹಿರಿಯರಿಗೆ ಯಂತ್ರದ ನೆರವು ಬೇಕು. 2002ರ ಫೆಡರಲ್ ಕಾನೂನಿನ ಪ್ರಕಾರ ಪ್ರತಿ ಮತಗಟ್ಟೆಯಲ್ಲೂ ಅಂಥದೊಂದು ಇರಲೇಬೇಕು, ಇರಲಿ. ಉಳಿದವರಿಗೆ 2010ರಲ್ಲಿ ನ್ಯೂಯಾರ್ಕಿಗೆ ಬಂದ ಪೆನ್ನು, ಕಾಗದ, ಸ್ಕ್ಯಾನರಿನ ಪದ್ಧತಿಗೆ ಏನು ಕೊರತೆ? ನಮ್ಮ ಗುರುತು ನಮ್ಮ ಕೈಯದೇ. ಹತ್ತು ಜನ ಒಟ್ಟಿಗೆ ಕೂತು ತುಂಬಬಹುದು. ಪರದೆಯ ಮುಂದಾದರೆ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಕಾಯಬೇಕು. ಸಾವಿರಾರು ಡಾಲರಿನ ಯಂತ್ರ ಕೊಂಡು ಸಾಲು ಬೆಳೆಸುವ ಈ ಜಾಣತನ ನಮಗಂತೂ ಅರ್ಥವಾಗಿಲ್ಲ.

ನಿಮ್ಮ ಕೌಂಟಿಯಲ್ಲಿ ಖರೀದಿಯ ಮಾತು ಬಂದರೆ ಚುನಾವಣಾ ಮಂಡಳಿಗೆ ಪತ್ರ ಬರೆಯಿರಿ, ಸಾಧ್ಯವಾದರೆ ಸಭೆಗೂ ಹೋಗಿ. ಪತ್ರಕ್ಕೆ ನೆರವು ಬೇಕಾದವರು ಮುಂದಿನ ಕಾರ್ಯಕ್ರಮದಲ್ಲಿ, ಊಟದ ಸಾಲಿಗೆ ಮೊದಲು, ನಮ್ಮನ್ನು ಕಾಣಬಹುದು.