ತಪ್ಪಿಲ್ಲದ ವೀರ

ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಚೀನಾದ ಭಿಕ್ಷು ಹ್ಯೂಯೆನ್‌ತ್ಸಾಂಗ್ ಚಾಲುಕ್ಯ ಪುಲಕೇಶಿಯ ರಾಜ್ಯವನ್ನು ಕುರಿತು ಸೋಜಿಗದ ಸಂಗತಿಯೊಂದನ್ನು ಬರೆದಿಟ್ಟಿದ್ದಾನೆ. ಕಾಳಗಕ್ಕೆ ಹೊರಡುವ ಮುನ್ನ ಈ ಅರಸನ ಆನೆಗಳಿಗೆ ಮದ್ಯ ಕುಡಿಸುತ್ತಿದ್ದರಂತೆ. ತೊರಗಲ್ಲ ಕೋಟೆಯಿಂದ ಬಾದಾಮಿ ಬಹು ದೂರವಲ್ಲ. ಆದ್ದರಿಂದ ಈ ಯಾತ್ರಿಕ ನಮಗೆ ತೀರ ಪರಕೀಯನಲ್ಲ.

ಅವನ ಯಾತ್ರೆಯ ಸುತ್ತ ಚೀನೀ ಜನ ಹೆಣೆದ ಕಥೆಗಳು 16ನೆಯ ಶತಮಾನದಲ್ಲಿ ‘ಪಶ್ಚಿಮ ಯಾತ್ರೆ’ ಎಂಬ ನೂರು ಅಧ್ಯಾಯಗಳ ಕಾದಂಬರಿಯಾದವು. ವೂ ಚೆಂಗ್‌ಎನ್ ಅದರ ಕರ್ತೃವೆಂದು ಪ್ರತೀತಿ. ಅದರಲ್ಲಿ ಗುರುವಿಗಿಂತ ಹೆಚ್ಚು ಜನಪ್ರಿಯನಾದವನು ಶಿಷ್ಯ, ಕಲ್ಲಿನಿಂದ ಹುಟ್ಟಿದ ಕಪಿರಾಜ ಸುನ್ ವುಕಾಂಗ್. 2014ರಲ್ಲಿ ತೆರೆಗೆ ಬಂದ ‘ದಿ ಮಂಕಿ ಕಿಂಗ್’ ಚಿತ್ರದ ನಾಯಕ ಇವನೇ. ನಿರ್ದೇಶಕ ಚಿಯಾಂಗ್ ಪೋ-ಸೊಯ್. ಕಪಿಯ ಪಾತ್ರದಲ್ಲಿ ಡಾನಿ ಯೆನ್. ಈಚೆಗೆ ನನ್ನ ಕೆಲವು ವಿದ್ಯಾರ್ಥಿಗಳೊಡನೆ ಕುಳಿತು ಅದನ್ನು ನೋಡಿದೆ. “ಸರ್, ಇಂವ ನಮ್ಮ ಹಣಮಪ್ಪನಂಗ ಅದಾನಲ್ರೀ!” ಎಂದು ಮೊದಲಿಗೇ ಒಬ್ಬ ಉದ್ಗರಿಸಿದ. ಚೀನೀ ವಿದ್ವಾಂಸ ಹೂ ಷಿಯವರ ಊಹೆಯೂ ಅದೇ ಆಗಿತ್ತು. ಲೂ ಷುನ್ ಒಪ್ಪಲಿಲ್ಲ. ಆ ವಾದ ಇಲ್ಲಿ ಬೇಡ.

ಚಿತ್ರದ ಗುಣವನ್ನು ಮೊದಲು ಹೇಳಬೇಕು. ಮುಖವೆಲ್ಲ ಕೃತಕ ಕೂದಲಿನಿಂದ ಮುಚ್ಚಿದ್ದರೂ ಡಾನಿ ಯೆನ್ ಅವರ ಕಣ್ಣು, ಕತ್ತು, ಬೆರಳುಗಳಲ್ಲಿ ಕಪಿಚೇಷ್ಟೆ ನಿಜವಾಗಿ ಮೂಡಿದೆ. ಕೋಲು ಹಿಡಿದಾಗ ಅದು ಆಯುಧವೂ ಹೌದು, ಆಟಿಕೆಯೂ ಹೌದು. ಕಾಳಗಗಳ ಸಂಯೋಜನೆಯೂ ಅವರದೇ.

ಆದರೆ ಕೊನೆಯಲ್ಲಿ ಬುದ್ಧನು ಕಪಿಯನ್ನು ಬೆಟ್ಟದಡಿ ಸೆರೆಯಿಟ್ಟಾಗ ಅದೇ ಹುಡುಗ ಕೇಳಿದ: “ಇವಂದೇನ್ ತಪ್ಪಿತ್ರೀ ಸರ್?” ನನ್ನಲ್ಲಿ ಉತ್ತರವಿರಲಿಲ್ಲ.

ಕಾದಂಬರಿಯಲ್ಲಿ ಉತ್ತರವಿದೆ. ಸ್ವರ್ಗದಲ್ಲಿ ತನಗೆ ಕೊಟ್ಟದ್ದು ಕುದುರೆಲಾಯದ ಕೀಳು ಹುದ್ದೆ ಎಂದು ತಿಳಿದು ಕಪಿ ಸಿಟ್ಟಾಗುತ್ತಾನೆ. ಔತಣಕ್ಕೆ ಕರೆಯಲಿಲ್ಲವೆಂದು ದೇವತೆಗಳ ಭಕ್ಷ್ಯಪಾನೀಯಗಳನ್ನು ಸೂರೆಮಾಡುತ್ತಾನೆ. ಆ ಗರ್ವ ಅವನದೇ. ಆದ್ದರಿಂದಲೇ ಐನೂರು ವರ್ಷಗಳ ಸೆರೆಗೂ, ಆಮೇಲೆ ಭಿಕ್ಷುವಿನ ಸೇವೆಗೂ ಅರ್ಥವಿದೆ. ಚಿತ್ರವಾದರೋ ಈ ಭಾರವನ್ನು ವೃಷಭರಾಕ್ಷಸನ ತಲೆಗೆ ಕಟ್ಟಿದೆ. ಅವನ ಕಪಟದಿಂದ ಮೋಸಹೋದ ಕಪಿ ದೇವತೆಗಳ ಮೇಲೆ ಎರಗುತ್ತಾನೆ. ನಾಯಕನನ್ನು ನಿರ್ದೋಷಿಯಾಗಿಸುವ ಆತುರದಲ್ಲಿ ಅವನ ಕಥೆಯನ್ನೇ ಕಸಿದುಕೊಂಡಂತಾಯಿತು.

ನಮ್ಮ ಸೀಮೆಯ ದೊಡ್ಡಾಟ ನೋಡಿದವರಿಗೆ ಈ ಕೊರತೆ ಬೇಗ ತಿಳಿಯುತ್ತದೆ. ಅಲ್ಲಿ ಕತ್ತಿ ಕಟ್ಟಿಗೆಯದು, ಕಿರೀಟ ಬೇಗಡೆಯದು. ಆದರೂ ಏಟಿಗೆ ಮುನ್ನ ಮಾತಿದೆ. ಯಾರ ಮಾತು ಯಾರನ್ನು ನೋಯಿಸಿತೆಂಬುದು ಹಿಂದೆ ಕುಳಿತ ಮುದುಕಿಗೂ ಗೊತ್ತು. ಹುಣಸೂರು ಕೃಷ್ಣಮೂರ್ತಿಯವರ ‘ಬಬ್ರುವಾಹನ’ (1977) ಚಿತ್ರವನ್ನೇ ನೆನೆಯಿರಿ. ತಂದೆ ಅರ್ಜುನ, ಮಗ ಬಬ್ರುವಾಹನ, ಎರಡೂ ರಾಜಕುಮಾರರೇ. ಬಾಣಗಳ ಚಮತ್ಕಾರ ಇಂದಿನ ಹುಡುಗರಿಗೆ ನಗೆ ತರಿಸೀತು. ಆದರೆ ಕಾಣಿಕೆ ಹೊತ್ತು ಬಂದ ಮಗನ ಹುಟ್ಟನ್ನೇ ತಂದೆ ಹೀಯಾಳಿಸುತ್ತಾನೆ. ಲಕ್ಷ್ಮೀಶನ ‘ಜೈಮಿನಿ ಭಾರತ’ದಿಂದ ನಾವು ಬಲ್ಲ ಪ್ರಸಂಗವಿದು. ಆ ಮೇಲಿನ ಪ್ರತಿಯೊಂದು ಬಾಣಕ್ಕೂ ಆ ಮಾತಿನ ವಿಷ ಅಂಟಿದೆ. ಅರ್ಜುನನ ತಲೆ ಬಿದ್ದಾಗ, “ಏನು ತಪ್ಪಿತ್ತು?” ಎಂದು ಯಾರೂ ಕೇಳುವುದಿಲ್ಲ, ತಪ್ಪು ಗೊತ್ತಿದ್ದೂ ಕಣ್ಣು ಹನಿಯುತ್ತದೆ. ರಸವೆಂದರೆ ಇದು.

ಇದು ಕೇವಲ ತಂತ್ರದ ಮಾತಲ್ಲ. ನನ್ನ ತರಗತಿಯ ತರುಣರು ವಾರಕ್ಕೆ ನಾಲ್ಕು ಇಂಥ ಚಿತ್ರಗಳನ್ನು ನೋಡುತ್ತಾರೆ. ವೀರನೆಂದರೆ ಎಂದೂ ತಪ್ಪದವನು, ತಪ್ಪೆಲ್ಲ ಇನ್ನೊಬ್ಬನ ಸಂಚು ಎಂಬ ಪಾಠ ಅವರ ಮನಸ್ಸಿನಲ್ಲಿ ಸದ್ದಿಲ್ಲದೆ ಇಳಿಯುತ್ತದೆ. ಹಾಗೆ ಕಲಿತವರಿಗೆ ಲಕ್ಷ್ಮೀಶನ ಅರ್ಜುನನನ್ನು ತಿಳಿಸುವುದು ಕಷ್ಟ. ನೆರೆಮನೆಯವನೊಡನೆ ರಾಜಿಯಾಗಿರೆಂದು ಹೇಳುವುದು ಇನ್ನೂ ಕಷ್ಟ.

ಪುಲಕೇಶಿಯ ಮದವೇರಿದ ಆನೆಗಳಂತೆ ಈ ಚಿತ್ರದ ದೃಶ್ಯಗಳು ಎದುರಿದ್ದುದನ್ನೆಲ್ಲ ತುಳಿದು ಸಾಗುತ್ತವೆ. ಆದರೆ ಬೆನ್ನ ಮೇಲೆ ಮಾವುತನಿಲ್ಲ. ಮರುದಿನ ತರಗತಿಯಲ್ಲಿ ಆ ಹುಡುಗನಿಗೆ ಕುದುರೆಲಾಯದ ಕಥೆ ಹೇಳಿದೆ. “ಹಂಗಾರ ಸರಿ ಬಿಡ್ರಿ,” ಎಂದ. ಒಂದು ಚಿತ್ರ ಹೇಳಬೇಕಾದುದನ್ನು ಮೇಷ್ಟರು ಹೇಳಬೇಕಾಯಿತು.